ಗುಡ್ಡಕ್ಕೆ ಹೊರಟ ಡೇರೆ, ಮನೆಯಲ್ಲಿ ಕಾಣದಾದ ಲಿಂಗ

ಹೆಸರು ಮರಿಬಸಪ್ಪ, ತಂದೆ ದಿವಂಗತ ಮಲ್ಲಯ್ಯ, ವಯಸ್ಸು ನಲವತ್ತೊಂದು, ಹತ್ತಿ ವ್ಯಾಪಾರ, ವಾಸ ಆದವಾನಿ ಪೇಟೆ, ಬಳ್ಳಾರಿ ಜಿಲ್ಲೆ. ನಾನೇ ಠಾಣೆಗೆ ಬಂದು ಬರೆಯಿಸುತ್ತಿರುವುದು ಏನೆಂದರೆ:

ಹಾಲಹರವಿಯ ಚಂದ್ರಣ್ಣ ನನ್ನ ಹೆಂಡತಿ ಬಸಲಿಂಗಮ್ಮನ ತಮ್ಮ, ಮದರಾಸಿನಲ್ಲಿ ಓದಿ ಬಂದವನು. ಸಂಡೂರಿನ ಗುಡ್ಡದ ಕಾಡಿನಲ್ಲಿ ಡೇರೆ ಹಾಕಿ ಮೂರು ದಿನ ಇರಬೇಕು, ಗುಡ್ಡ ಹತ್ತಿ ತಿರುಗಬೇಕು ಎಂಬುದು ಅವನ ಹುಚ್ಚು. ಮನೆಯಲ್ಲಿ ಮಂಚವಿರುವವರು ಕಲ್ಲಿನ ಮೇಲೆ ಏಕೆ ಮಲಗಬೇಕೋ ನನಗೆ ತಿಳಿಯದು. ಆದರೆ ಡೇರೆಯ ಬಟ್ಟೆ ನನ್ನ ಹತ್ತಿ ಮಂಡಿಯದು, ಗಾಡಿಯೂ ನನ್ನದು. ಹಾಳುಮಾಡಿಯಾರೆಂದು ನಾನೂ ಹೊರಟೆನು. ನನ್ನ ತಾಯಿ ಅಕ್ಕನಾಗಮ್ಮ ಬೇಡವೆಂದರು. ನಾನು ಕೇಳಲಿಲ್ಲ.

ಇಂದು ಬೆಳಿಗ್ಗೆ ಎಂಟಕ್ಕೆ ನಮ್ಮ ಪಡಸಾಲೆಯಲ್ಲಿ ಏನೇನು ಒಯ್ಯಬೇಕೆಂದು ಮಾತಾಯಿತು. ದಾರಿ ತೋರಿಸಲು ಹೊಳಗುಂದದ ಕುರಿಗಾರ ಉಚ್ಚೀರಪ್ಪ ಬಂದಿದ್ದನು. ಮೇಲೆ ನೀರು ಒಂದೇ ಕಡೆ ಸಿಗುತ್ತದೆ, ಹೊರೆ ಕಡಿಮೆ ಇರಲಿ ಎಂದು ಅವನು ತಿಳಿಸಿದನು. ನನ್ನ ಪೂಜೆಯ ನೀರಿಗೆ ಬೇರೆ ಕೊಡ ಬೇಕೆಂದೆನು. ಅದಕ್ಕೆ ಚಂದ್ರಣ್ಣನು, "ಭಾವ, ಲಿಂಗ ಮನ್ಯಾಗ ಬಿಟ್ಟು ಬರ್ರಿ, ಕೊಡ ಹೊರೋದು ತಪ್ಪತೈತಿ" ಎಂದು ನಕ್ಕನು. ನನಗೆ ಮೈ ಉರಿಯಿತು.

ಲಿಂಗ ಕೊರಳಿಗೆ ಕಟ್ಟುವ ಶಿವದಾರ ಸವೆದಿತ್ತು. ಪ್ರಯಾಣಕ್ಕೆ ಮೊದಲು ಹೊಸದು ಹಾಕಬೇಕೆಂದು ಕರಡಿಗೆಯನ್ನು ಲಿಂಗಸಮೇತ ದೇವರ ಮಾಡದಲ್ಲಿಟ್ಟು, ದಾರ ತರಲು ಒಳಕೋಣೆಗೆ ಹೋದೆನು. ಬಂದು ನೋಡಿದರೆ ಮಾಡ ಬರಿದು. ಲಿಂಗ ಮೈಮೇಲಿಲ್ಲದೆ ನಮ್ಮವರು ಹನಿ ನೀರೂ ಮುಟ್ಟುವುದಿಲ್ಲ. ಚಂದ್ರಣ್ಣನನ್ನು ಕೇಳಿದೆನು. ತನಗೆ ಗೊತ್ತಿಲ್ಲವೆಂದನು. ಕಪಾಳಕ್ಕೆ ಹೊಡೆದೆನು. ತುಟಿ ಒಡೆಯಿತು. ನನ್ನ ಹೆಂಡತಿ ಸೀರೆಗಳನ್ನು ಗಂಟು ಕಟ್ಟಿ ತಮ್ಮನೊಂದಿಗೆ ತವರಿಗೆ ಹೊರಟಳು. ತಾಯಿ ಆಗ ಮನೆಯಲ್ಲಿರಲಿಲ್ಲ.

ಹನ್ನೊಂದಕ್ಕೆ ಠಾಣೆಗೆ ಬಂದು ಕಳವೆಂದು ಹೇಳಿದೆನು. ಪೇದೆಯೊಡನೆ ಮೋಟಾರು ನಿಲ್ಲುವಲ್ಲಿಗೆ ಹೋಗಿ ಚಂದ್ರಣ್ಣನನ್ನು ತಡೆದೆವು. ನನ್ನ ಮಾತಿನ ಮೇಲೆ ಪೇಟೆಯ ಜನರ ಮುಂದೆ ಅವನ ಅಂಗಿ ಬಿಚ್ಚಿಸಿ, ಗಂಟುಗಳನ್ನೆಲ್ಲ ಕೊಡವಿ ನೋಡಿದರು. ಏನೂ ಸಿಗಲಿಲ್ಲ. ನುಂಗಿರಬೇಕೆಂದು ಸಹ ನಾನು ಅಂದೆನು. ಎಲ್ಲರನ್ನೂ ಠಾಣೆಗೆ ಕರೆತಂದರು.

ಒಂದು ಗಂಟೆಗೆ ನನ್ನ ತಾಯಿ ಬಿಸಿಲಲ್ಲಿ ನಡೆದು ಬಂದು, ಸೆರಗಿನಿಂದ ಕರಡಿಗೆ ತೆಗೆದು ಮೇಜಿನ ಮೇಲಿಟ್ಟರು. ತಾವೇ ತೆಗೆದು ಮಠದಲ್ಲಿ ಪೂಜೆಗೆ ಕೊಟ್ಟಿದ್ದಾಗಿ ಹೇಳಿದರು. "ನಿಮ್ಮಪ್ಪ ಆ ಗುಡ್ಡಕ್ಕ ಹೋಗಿ ಚಳಿಜ್ವರ ತಂದು ಸತ್ತ. ನಿನಗ ಹೇಳಿದ್ರ ಕೇಳಲ್ಲ. ಲಿಂಗ ಇಲ್ದ ಹೊಸ್ತಿಲ ದಾಟಂಗಿಲ್ಲ ಅಂದ್ಕಂಡೆ. ಪೊಲೀಸ್ರತ್ರ ಓಡ್ತಿ ಅಂತ ಯಾರಿಗೆ ಗೊತ್ತಿತ್ತು?" ಎಂದರು.

ಕಳವಿನ ದೂರನ್ನು ಹಿಂದಕ್ಕೆ ಪಡೆದಿದ್ದೇನೆ. ಚಂದ್ರಣ್ಣನನ್ನು ಎಲ್ಲಿ ಬರಿಮೈಯಲ್ಲಿ ನಿಲ್ಲಿಸಿದೆನೋ ಅಲ್ಲಿಯೇ, ಅದೇ ಜನರ ಮುಂದೆ ತಪ್ಪಾಯಿತೆಂದು ಹೇಳಿದರೆ ಮಾತ್ರ ಮನೆಗೆ ಬರುವುದಾಗಿ ನನ್ನ ಹೆಂಡತಿ ತಿಳಿಸಿದ್ದಾಳೆ. ಸೊಸೆ ಹೊಸ್ತಿಲು ತುಳಿಯುವವರೆಗೆ ತಾವು ನೀರು ಮುಟ್ಟುವುದಿಲ್ಲವೆಂದು ತಾಯಿ ಠಾಣೆಯ ಕಟ್ಟೆಯ ಮೇಲೆ ಕುಳಿತಿದ್ದಾರೆ. ಈ ಡೇರೆಯ ಹುಚ್ಚೇ ಎಲ್ಲಕ್ಕೂ ಮೂಲವೆಂದು ನಾನು ಈಗಲೂ ಹೇಳುತ್ತೇನೆ. ಹಾಲಹರವಿಯ ಮೋಟಾರು ನಾಲ್ಕಕ್ಕೆ ಹೊರಡುತ್ತದೆ. ಲಿಂಗ ಕೊರಳಲ್ಲಿದೆ, ಪೇದೆ ಕೊಟ್ಟ ನೀರು ಮುಂದಿದೆ. ನಾನಿನ್ನೂ ಮುಟ್ಟಿಲ್ಲ.

ಬರೆದದ್ದನ್ನು ಓದಿ ಹೇಳಿದರು, ಕೇಳಿದೆನು. ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಆದವಾನಿ, ಭಾನುವಾರ, 11-12-1938, ಮಧ್ಯಾಹ್ನ ಮೂರೂವರೆ.
(ಸಹಿ) ಮರಿಬಸಪ್ಪ