ಅಜ್ಜಿಯ ಮಟ್ಟಿನ ಎರಡನೇ ಸುತ್ತು

ಕಾರ್ಕ್ ನಗರದಲ್ಲಿ ನನ್ನಷ್ಟು ಚುರುಕು ಕಿವಿ ಇನ್ನೊಂದಿಲ್ಲ. ಸೇತುವೆಯ ಕೆಳಗೆ ಮೀನು ಆಕಳಿಸಿದರೂ ನನಗೆ ಕೇಳಿಸುತ್ತದೆ. ಆ ಸಂಜೆ ನದಿಯ ಮಂಜು ಬಸ್ ನಿಲ್ದಾಣವನ್ನೇ ಎತ್ತಿಕೊಂಡು ತೇಲುತ್ತಿತ್ತು. ನನ್ನ ಪಕ್ಕದಲ್ಲಿ ಊರಿನ ಐರಿಷ್ ಸಂಗೀತೋತ್ಸವ ನಡೆಸುವ ನೋರೀನ್, ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡ ಅವಳ ಸೋದರಮಾವ ಫಿಂಟನ್.

“ಇವತ್ತೇ ಉತ್ಸವ ಶುರು. ನೀವು ಮನೆಗೆ ಹೊರಟ್ರಲ್ಲ ಮಾಮ?”

“ಹೋದ ವರ್ಷ ವೇದಿಕೆ ಹತ್ತಿಸಿ ಮೂತಿಗೆ ಮೈಕ್ ತಿವಿದೆಯಲ್ಲೇ, ಸಾಕು.”

“ತಪ್ಪಾಯ್ತು. ಈ ಸಲ ಪಬ್ಬಿನ ಮೂಲೆ, ಸುತ್ತ ಕುರ್ಚಿ, ಮೈಕೇ ಇಲ್ಲ.”

“ಬೆರಳು ನಡುಗುತ್ತೆ ಕಣೇ. ಬಿಟ್ಬಿಡು.”

“ಸರಿ. ಅಜ್ಜಿ ನಿಮಗೆ ಕಲಿಸಿದ ಕುಣಿತದ ಮಟ್ಟನ್ನ ನಾನೇ ನುಡಿಸ್ತೀನಿ.”

“ನೀನಾ? ಎರಡನೇ ಸುತ್ತು ನಿಂಗೆ ಯಾವತ್ತು ಬಂದಿತ್ತು?”

“ಬಂದಷ್ಟು ನುಡಿಸ್ತೀನಿ. ಎಳೆಯರು ಕೇಳ್ಕೊಂಡು ಕಲೀತಾರೆ. ಅಲ್ಲಿಂದಾಚೆ ನಾನು ನುಡಿಸಿದ್ದೇ ಅಜ್ಜಿಯ ಮಟ್ಟು.”

ಮುದುಕ ಕಣ್ಣು ಮುಚ್ಚಿ ಎರಡನೇ ಸುತ್ತನ್ನು ಗುನುಗಿದ. ನನ್ನಾಣೆ, ನದಿ ಹರಿಯುವುದನ್ನು ಬಿಟ್ಟು ಕೇಳಿತು, ಬೀದಿದೀಪಗಳು ತಲೆದೂಗಿದವು. ಬಸ್ಸು ಬಂತು, ಬಾಗಿಲು ತೆರೆದು ಕಾಯಿತು, ಹೊರಟೇಹೋಯಿತು.

“ನಿಮ್ಮ ಬಸ್ ಹೋಯ್ತು ಮಾಮ.”

“ಹೋಗ್ಲಿ ಬಿಡೇ. ಬೇಗ ನಡಿ, ನಿನ್ನ ಕೈಗೆ ಪಿಟೀಲು ಸಿಗೋ ಮುಂಚೆ ನಾನಲ್ಲಿ ಕೂತಿರ್ಬೇಕು.”

ಇಬ್ಬರೂ ಮಂಜಿನಲ್ಲಿ ಕರಗಿದರು. ಅದು ನನ್ನ ಬಸ್ಸೂ ಆಗಿತ್ತೆಂದು ಆಮೇಲೆ ನೆನಪಾಯಿತು.