ಇಂಗ್ಲಿಷಿನಲ್ಲಿ ಬರೆದ ಕೌದಿ

ಆಳಂದ ಬಸ್‌ಸ್ಟ್ಯಾಂಡಿನಲ್ಲಿ ಮಾದನಹಿಪ್ಪರಗಾ ಬಸ್ಸಿಗೆ ಕಾದು ಕಾದು ಗಂಗಾಬಾಯಿ ಬೇಸತ್ತಿದ್ದಳು. ಪಕ್ಕದಲ್ಲಿ ಹಳೆ ಸೀರೆ ತುಂಡುಗಳಿಂದ ಹೊಲಿದ ಕೌದಿಗಳ ಗಂಟಿಗೆ ಒರಗಿದ್ದ ಮುದುಕಿ ಮಗನನ್ನು ಕೇಳಿದಳು:

“ವೆಬ್‌ಸೈಟ್ ಮಾಡಿ ಆರು ತಿಂಗಳಾತು. ಯಾರರ ನೋಡ್ತಾರೇನೋ ಮಸೂದ?”

“ಜಾಹೀರಾತ ಕೊಟ್ಟ ಮ್ಯಾಲ ದಿನಾ ನೂರು ಮಂದಿ ಬರಾಕತ್ತಾರ, ಅಮ್ಮಿ.”

“ಮತ್ತ ಒಂದು ಕೌದೀನೂ ಹೋಗಿಲ್ಲಲ್ಲೋ?”

“ವೆಬ್‌ಸೈಟಿನ ‘ಕೌದಿ’ ಅನ್ನೋ ಹೆಸರು ಇಂಗ್ಲಿಷ್‌ನಾಗ ಅದ. ಹಿಂದಿ ಮಂದಿ ಅದನ್ನ ‘ಕೌಡಿ’ ಅಂತ ಓದ್ತಾರ. ಎಲ್ಲರೂ ಪೂಜಾ ಮಾಡಾಕ ಕವಡಿ ಕೇಳಾಕತ್ತಾರ.”

“ಹೆಸರು ಬದಲ್ ಮಾಡು.”

“ಮಾಡಿದ್ರ ಆ ನೂರು ಮಂದೀನೂ ಬರಂಗಿಲ್ಲ. ಕವಡೀನೇ ತರಸೋಣಂತ ಮಾಡೇನಿ.”

ಗಂಗಾಬಾಯಿಗೆ ನಗು ಬಂತು. ಮುದುಕಿಯ ಸೂಜಿ ಚುಚ್ಚಿದ ಬೆರಳು ಕಂಡು ನುಂಗಿಕೊಂಡಳು.

ಅಫಜಲಪುರ ಬಸ್ಸು ಬಂತು. ಮುದುಕಿ ಗಂಟು ತಲೆಗೇರಿಸಿದಳು.

“ನಡಿ ಬೇಟಾ. ಕವಡಿಗಾದ್ರೂ ಕಿಮ್ಮತ್ತ ಅದ.”