ಅಜಯನ ಹೆಸರಿನಲ್ಲಿ ಆಡಿದವನು

ಜಮಖಂಡಿಯ ಆಸ್ಪತ್ರೆಯಲ್ಲಿ ಮಗಳ ರಕ್ತಪರೀಕ್ಷೆಗೆಂದು ಕಾದಿದ್ದ ಹೊಳೆಪ್ಪನ ಪಕ್ಕದಲ್ಲಿ ಇಬ್ಬರು ಕುಳಿತಿದ್ದರು. ಬನಹಟ್ಟಿ ರಗ್ಬಿ ಕ್ಲಬ್ಬಿನ ಕ್ಯಾಪ್ಟನ್ನನ ಮೈತುಂಬ ಕೆಸರು. ಮಗ್ಗ ಬಿಟ್ಟು ಓಡಿಬಂದ, ಅದೇ ಕ್ಲಬ್ಬಿನ ಆಟಗಾರ ಅಜಯನ ತಲೆತುಂಬ ನೂಲಿನ ಧೂಳು. ಆಟದಲ್ಲಿ ಬಿದ್ದ ಅವರ ಜೊತೆಗಾರ ಮಲ್ಲಿನಾಥ ಒಳಗಿದ್ದ.

“ಮಲ್ಲಿನಾಥಗ ಹ್ವಾದ ವಾರನೂ ತಲಿಗೆ ಪೆಟ್ಟ ಬಿದ್ದಿತ್ತು. ಆಡಸಬ್ಯಾಡ್ರಿ ಅಂದಿದ್ರು ಲೀಗಿನವ್ರು. ಯಾಕ ಇಳಿಸಿದಿ?” ಎಂದು ಕೇಳಿದ ಅಜಯ.

“ಹದಿನೈದ ಮಂದಿ ಆಗಲಿಲ್ಲಲೇ. ಮುಧೋಳದವ್ರಿಗೆ ಪುಕ್ಕಟ ಗೆಲುವು ಕೊಡಬೇಕಿತ್ತೇನು?”

“ಅದಕ್ಕ ನನ್ನ ಹೆಸರ್ಲೆ ಆಡಿಸಿದಿ?”

“ಹೂಂ. ಇಲ್ಲೂ ಅದ ಹೆಸರ ಬರಸೇನಿ.”

“ಹಳೇ ಪೆಟ್ಟಿಂದು ಡಾಕ್ಟರ್ ಕೇಳಲಿಲ್ಲೇನು?”

“ಕೇಳಿದ್ರು. ಏನೂ ಇಲ್ಲ ಅಂದೆ.”

ಕ್ಯಾಪ್ಟನ್ನನ ಕಪಾಳಕ್ಕೊಂದು ಬಿಗಿಯಬೇಕು ಎನಿಸಿತು ಹೊಳೆಪ್ಪನಿಗೆ.

ಅಷ್ಟರಲ್ಲಿ ನರ್ಸ್ ಹೊರಬಂದಳು. “ಅಜಯನ ಕಡೆಯವ್ರು ಯಾರ್ರಿ? ಜೀವ ಹೋತ್ರಿ.”

“ನಾನರೀ ಅಜಯ. ಸತ್ತಾಂವ ಮಲ್ಲಿನಾಥ,” ಎಂದ ಅಜಯ, ಕ್ಯಾಪ್ಟನ್ನನ ಕೊರಳಪಟ್ಟಿ ಹಿಡಿದು ಒಳಗೆ ಎಳೆದೊಯ್ದ.